ಕೊಂಡ ರೆಕ್ಕೆ, ಕಟ್ಟಿದ ರೆಕ್ಕೆ

"ಸಾಹಿತ್ಯ ಸಂಘದ ಪತ್ರಿಕೆಗೆ ವಿಮಾನದ ಮೇಲೆ ಬರೀತೀಯೇನೋ, ಕವನ ಎಲ್ಲಾ ಮುಗಿದುವಾ?" ಎಂದು ಸಂಪಾದಕ ಮಿತ್ರರು ನಕ್ಕರು. ನಗಲಿ. ಹಾರುವುದರ ಬಗ್ಗೆ ನಾವು ಬೇಕಾದಷ್ಟು ಕವನ ಬರೆದಿದ್ದೇವೆ. ಹಾರಿಸುವುದರ ಬಗ್ಗೆ ಬರೆಯುವುದಿಲ್ಲ ಅನ್ನೋದೇ ನನ್ನ ತಕರಾರು.

ನಾನಿರುವುದು ಮಹಾಪೆಯಲ್ಲಿ. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಠಾಣೆ–ಬೇಲಾಪುರ ರಸ್ತೆ, ನಡುವೆ ಎಂ.ಐ.ಡಿ.ಸಿ. ಕಾರ್ಖಾನೆಗಳು. ಇಲ್ಲಿನ ನಾಲ್ವರು ಕನ್ನಡದ ಹುಡುಗರು ಸೇರಿ ಕಳೆದ ವರ್ಷ ಅಂತರಕಾಲೇಜು ಸ್ಪರ್ಧೆಗೆಂದು ರೇಡಿಯೋದಿಂದ ನಡೆಸುವ ವಿದ್ಯುತ್ ಮಾದರಿ ವಿಮಾನವೊಂದನ್ನು ಕಟ್ಟಿದೆವು. ಬಾಲ್ಸಾ ಮರದ ರೆಕ್ಕೆ, ಒಂದು ಬ್ರಷ್‌ಲೆಸ್ ಮೋಟಾರು, ಅದರ ವೇಗ ಏರಿಸಿ ಇಳಿಸುವ ಇಎಸ್‌ಸಿ, ತಲಾ 9 ಗ್ರಾಮಿನ ನಾಲ್ಕು ಸರ್ವೋ, ಮೂರು ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ. ಒಟ್ಟು ತೂಕ ಸುಮಾರು ಒಂದು ಕಿಲೋ. ಕಿಲೋಗೆ 200 ವ್ಯಾಟ್ ಸಿಕ್ಕರೆ ಇಂಥದ್ದು ಚೆನ್ನಾಗಿ ಹಾರುತ್ತದೆ ಎಂಬುದು ರೂಢಿಯ ಲೆಕ್ಕ. ನಮ್ಮದು 11.1 ವೋಲ್ಟಿಗೆ 20 ಆಂಪಿಯರ್ ಎಳೆದರೆ 222 ವ್ಯಾಟ್. ಸಾಕಿತ್ತು.

ಸಾಲದೆ ಹೋದದ್ದು ತಾಳ್ಮೆ. ಗಟ್ಟಿಯಾಗಲೆಂದು ಬಾಲಕ್ಕೆ ಅಂಟು ಸುರಿದೆವು. ಬಾಲ ಭಾರವಾಯಿತು. ಮೋಟಾರಿಗಿಂತ ಬಾಲ ಬಹಳ ದೂರ, ಆದ್ದರಿಂದ ಹಿಂದಿನ ಹತ್ತು ಗ್ರಾಂ ತೂಗಿಸಲು ಮೂಗಿಗೆ ಇಪ್ಪತ್ತೋ ಮೂವತ್ತೋ ಗ್ರಾಂ ಸೀಸ ಕಟ್ಟಬೇಕು. ಗುರುತ್ವಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇರಬೇಕು. ಅದನ್ನು ಎರಡು ಬೆರಳ ಮೇಲೆ ನಿಲ್ಲಿಸಿ ನೋಡಿ ಸರಿಮಾಡಿದೆವು. ಆದರೆ ಸ್ಪರ್ಧೆಯ ದಿನ ಬ್ಯಾಟರಿಯ ಪಟ್ಟಿ ಬಿಗಿಯಲು ಮರೆತವನು ನಾನೇ. ಮೇಲೇಳುವಾಗ ಬ್ಯಾಟರಿ ಹಿಂದಕ್ಕೆ ಜಾರಿತು, ಮೂಗು ಆಕಾಶ ನೋಡಿತು, ವೇಗ ಸತ್ತಿತು. ಎರಡು ತಿಂಗಳ ಕೆಲಸ ಆರು ಸೆಕೆಂಡಿನಲ್ಲಿ ಮಣ್ಣಾಯ್ತು.

ಮೊದಲ ಬಹುಮಾನ ಪಡೆದ ತಂಡದವರದು ಪೆಟ್ಟಿಗೆಯಿಂದ ತೆಗೆದ ತಯಾರಿ ವಿಮಾನ. ಗುರುತ್ವಕೇಂದ್ರ ಎಲ್ಲಿಟ್ಟಿರಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಟ್ಟೆಕಿಚ್ಚು ಅಂತೀರಾ? ಸ್ವಲ್ಪ ಇದೆ. ಅವರು ನಿಯಮವನ್ನೇನೂ ಮುರಿಯಲಿಲ್ಲ. "ನೀವೂ ಮೋಟಾರು, ಬ್ಯಾಟರಿ ಕೊಂಡದ್ದೇ ತಾನೇ?" ಎಂದು ಅವರಲ್ಲೊಬ್ಬ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಮನೆಗೆ ಬಂದ ಮೇಲೆ ನನಗೆ ಹೊಳೆದ ಉತ್ತರ ಇಷ್ಟು: ಯಾವುದನ್ನು ನೀನು ವಿವರಿಸಬಲ್ಲೆಯೋ, ಮುರಿದರೆ ರಿಪೇರಿ ಮಾಡಬಲ್ಲೆಯೋ, ಅದು ನಿನ್ನದು. ಉಳಿದದ್ದು ಬಾಡಿಗೆಯದು. 1986ರಲ್ಲಿ ಶುರುವಾದ ಎಸ್‌ಎಇ ಏರೋ ಡಿಸೈನ್ ಸ್ಪರ್ಧೆಯಲ್ಲಿ ಹಾರಾಟಕ್ಕಷ್ಟೇ ಅಲ್ಲ, ವಿನ್ಯಾಸದ ವರದಿಗೂ, ಬಾಯಿಮಾತಿನ ವಿವರಣೆಗೂ ಅಂಕವಿದೆ. ನಮ್ಮ ಅಂತರಕಾಲೇಜು ಸ್ಪರ್ಧೆಗಳಲ್ಲೂ ಅದು ಬರಬೇಕು. ಜೊತೆಗೆ ಮೈದಾನದಲ್ಲೇ ಒಂದು ಗಂಟೆಯ ರಿಪೇರಿ ಪರೀಕ್ಷೆಯೂ ಇರಲಿ.

ಕೊಂಡ ರೆಕ್ಕೆಗೆ ಇನ್ನೊಂದು ರೂಪವಿದೆ: ಅಜ್ಜನ ರೆಕ್ಕೆ. 1895ರಲ್ಲೇ ಮುಂಬಯಿಯ ಚೌಪಾಟಿಯಲ್ಲಿ ತಳಪದೆಯವರು ವಿಮಾನ ಹಾರಿಸಿದರೆಂದು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಂಬಬಹುದಾದ ಪುರಾವೆ ಮಾತ್ರ ಇಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ದ ಬಗ್ಗೆ ನಮ್ಮವರ ಹೆಮ್ಮೆಯೂ ಕಡಿಮೆಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಅದನ್ನು ಸಾಲುಸಾಲಾಗಿ ಪರಿಶೀಲಿಸಿ, ಆ ವಿಮಾನಗಳು ಹಾರಲಾರವು, ಗ್ರಂಥವೂ ಪ್ರಾಚೀನವಲ್ಲ ಎಂದು ತೋರಿಸಿಕೊಟ್ಟರು. ಪೆಟ್ಟಿಗೆಯಿಂದ ಬಂದ ವಿಮಾನವಾಗಲಿ, ಪುರಾಣದಿಂದ ಬಂದ ವಿಮಾನವಾಗಲಿ, ಎರಡರಲ್ಲೂ ನಮ್ಮ ಬೆರಳಿಗೆ ಅಂಟು ಹತ್ತುವುದಿಲ್ಲ. ಕಷ್ಟಪಡದೆ ಸಿಕ್ಕ ಹೆಮ್ಮೆ ಅದು.

ನಮ್ಮ ಮುರಿದ ರೆಕ್ಕೆ ಈಗಲೂ ಮಂಚದ ಕೆಳಗಿದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಮತ್ತೆ ಕತ್ತರಿಸುತ್ತಿದ್ದೇವೆ. ಏನು ತಪ್ಪಿತು, ಯಾಕೆ ತಪ್ಪಿತು ಅನ್ನೋದನ್ನು ಒಂದು ನೋಟ್ ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೇವೆ. ಅದೂ ಸಾಹಿತ್ಯವಲ್ಲವೇ, ಸಂಪಾದಕರೇ? ಸಂಶಯವಿದ್ದರೆ ಭಾನುವಾರ ಬನ್ನಿ. ಉಪ್ಪುಕಾಗದ ಕೊಡುತ್ತೇನೆ, ಉಜ್ಜುತ್ತಾ ಮಾತಾಡೋಣ.