ಕೊರತೆ ಹೊಣೆಗಾರಿಕೆಯದು
ವಿದೇಶಿ ಮಡಚುಚಾಕು ದುಬಾರಿ, ಸ್ವದೇಶಿ ಅಗ್ಗ. ಹೋಲಿಕೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಸ್ವಿಸ್ ಸೇನೆಯ ಮೊದಲ ಚಾಕುಗಳೂ ಜರ್ಮನಿಯ ಸೋಲಿಂಗೆನ್‌ನಿಂದ ಆಮದಾದವು. 1891ರಲ್ಲಿ ಕಾರ್ಲ್ ಎಲ್ಸೆನರ್ ಅವುಗಳನ್ನು ಸ್ವದೇಶದಲ್ಲೇ ತಯಾರಿಸಿ ಪೂರೈಸತೊಡಗಿದರು. ಅವರ ಸಂಸ್ಥೆಯೇ ಇಂದಿನ ವಿಕ್ಟೋರಿನಾಕ್ಸ್. ಉಕ್ಕಿನ ಹಾಗೂ ತಯಾರಿಕೆಯ ದೋಷಗಳಿಗೆ ಅದು ಜೀವಿತಾವಧಿಯ ಖಾತರಿ ನೀಡುತ್ತದೆ.

ಅಲಗಿನ ಹರಿತ ನಿಲ್ಲುವುದು ಉಕ್ಕಿಗೆ ಕೊಟ್ಟ ಹದದಿಂದ. ಆ ಹದವನ್ನು ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳೂ ಬಲ್ಲರು. ಆದರೆ ನಮ್ಮ ಅಂಗಡಿಗಳ ಅಗ್ಗದ ಚಾಕುವಿನ ಮೇಲೆ ಎಷ್ಟೋ ವೇಳೆ ತಯಾರಕನ ಹೆಸರೇ ಇರುವುದಿಲ್ಲ. ಸ್ಪ್ರಿಂಗ್ ಸಡಿಲವಾದರೆ ಕೇಳುವುದಾದರೂ ಯಾರನ್ನು? ನನ್ನ ದೃಷ್ಟಿಯಲ್ಲಿ ನಮಗಿರುವ ಕೊರತೆ ಕೌಶಲದ್ದಲ್ಲ, ಹೊಣೆಗಾರಿಕೆಯದು. ಗ್ರಾಹಕನಿಂದ ಸ್ವದೇಶಾಭಿಮಾನವನ್ನು ನಿರೀಕ್ಷಿಸುವ ಮುನ್ನ ತಯಾರಕ ತನ್ನ ಸರಕಿನ ಮೇಲೆ ಹೆಸರು ಕೆತ್ತಿ, ಖಾತರಿ ನೀಡಲಿ.