ಉಸಿರುಗಟ್ಟು

‘ಉಸಿರು’ ಮತ್ತು ‘ಕಟ್ಟು’ ಎಂಬ ಎರಡು ಪದಗಳು ಕೂಡಿ ‘ಉಸಿರುಗಟ್ಟು’ ಆಗಿದೆ. ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿರುವುದನ್ನು ವ್ಯಾಕರಣ ಓದಿದ ನೀವು ಸುಲಭವಾಗಿ ಗುರುತಿಸಬಲ್ಲಿರಿ. ಹೊಗೆ ತುಂಬಿದ ಅಡುಗೆಮನೆಯಲ್ಲಿ, ಯಶವಂತಪುರದಿಂದ ಹೊರಡುವ ರೈಲಿನ ಕಿಕ್ಕಿರಿದ ಬೋಗಿಯಲ್ಲಿ ನಮಗೆ ಉಸಿರುಗಟ್ಟುತ್ತದೆ, ಇದು ವಾಚ್ಯಾರ್ಥ. ಬಾಯಿ ತೆರೆಯಲೂ ಅಪ್ಪಣೆ ಕೇಳಬೇಕಾದ ಮನೆಯಲ್ಲಿ, ಗಾಳಿಗೆ ಕೊರತೆಯಿಲ್ಲದಿದ್ದರೂ ಉಸಿರುಗಟ್ಟುತ್ತದೆ, ಇದು ಲಕ್ಷ್ಯಾರ್ಥ.

ಈ ಎರಡನೆಯ ಅರ್ಥವನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗದು. ಹಳಗನ್ನಡದ ‘ಉಸಿರ್’ ಎಂಬ ಧಾತುವಿಗೆ ಶ್ವಾಸ ಬಿಡು ಎಂಬ ಅರ್ಥವಿರುವಂತೆಯೇ ಹೇಳು, ನುಡಿ ಎಂಬ ಅರ್ಥವೂ ಇದೆ. ‘ಈ ಸಂಗತಿಯನ್ನು ಯಾರೊಡನೆಯೂ ಉಸಿರಬೇಡ’, ‘ಅವರೆದುರು ಉಸಿರೆತ್ತುವಂತಿಲ್ಲ’ ಎಂದು ನಾವು ಇಂದಿಗೂ ಹೇಳುತ್ತೇವೆ. ಉಸಿರೂ ನುಡಿಯೂ ನಮ್ಮ ಹಿರಿಯರಿಗೆ ದೂರದ ಸಂಗತಿಗಳಾಗಿರಲಿಲ್ಲ. ಇನ್ನೊಬ್ಬರ ಬಾಯಿ ಮುಚ್ಚಿಸುವವನು ಅವರ ಉಸಿರಿಗೇ ಕೈಹಾಕಿದಂತೆ. (ಪಾರಸಿಯ ಮೂಲದಿಂದ ಬಂದ ‘ದಮ್ಮು’ ಎಂಬ ಪದವೂ ಉಸಿರು, ಉಬ್ಬಸ, ಎದೆಗಾರಿಕೆ ಮೂರನ್ನೂ ಹೇಳುತ್ತದೆ. ‘ದಮ್ಮಯ್ಯ’ ಮಾತ್ರ ಅದರ ನೆಂಟನಲ್ಲ. ಅದು ‘ಧರ್ಮ’ದಿಂದ ಬಂದುದು.)

ಕೆಲವೊಮ್ಮೆ ಲಕ್ಷ್ಯಾರ್ಥವೆಂದು ತೋರಿದುದು ವಾಚ್ಯಾರ್ಥವೇ ಆಗಿರುತ್ತದೆ. ‘ಕೆರೆಗೆ ಉಸಿರುಗಟ್ಟಿದೆ’ ಎಂಬ ಮಾತನ್ನು ನೋಡಿರಿ. ಕೊಳಚೆಯು ಕೆರೆಗೆ ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೆರೆಯ ಉಸಿರು ತಾನಾಗಿಯೇ ಕಟ್ಟುವುದಿಲ್ಲ; ಕೊಳಚೆಯನ್ನು ಹರಿಯಬಿಡುವವರು ಮನುಷ್ಯರು. ನಗರದ ಉತ್ತರಕ್ಕೆ, ಯಲಹಂಕದ ನೀರು ಹರಿದುಬರುವ ಜಕ್ಕೂರು ಕೆರೆಯಲ್ಲಿ ಕೊಳಚೆಯನ್ನು ಮೊದಲು ಘಟಕದಲ್ಲಿ ಶುದ್ಧೀಕರಿಸಿ, ಬಳಿಕ ಜೊಂಡು ಬೆಳೆದ ಜೌಗುನೆಲದ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಿದವರೂ ಮನುಷ್ಯರೇ.

ನನಗೆ ಒಪ್ಪಿಗೆಯಾಗದಿರುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯ: ‘ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸತ್ತರು.’ ಆ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಂಡಿರುತ್ತದೆ. ಅದಕ್ಕೆ ಕೊಳೆತ ಮೊಟ್ಟೆಯ ನಾತ. ಆದರೆ ಪ್ರಮಾಣ ಹೆಚ್ಚಿದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ಇಳಿದವನಿಗೆ ನಾತದ ಎಚ್ಚರಿಕೆಯೂ ದೊರೆಯದು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷ ರೂಪಾಯಿಗಳಿಂದ 30 ಲಕ್ಷಕ್ಕೆ ಏರಿಸಿತು. ಆದರೂ ಪತ್ರಿಕೆಯ ವಾಕ್ಯ ಬದಲಾಗಿಲ್ಲ. ಮಳೆ ನಿಂತಂತೆ, ದೀಪ ಆರಿದಂತೆ ಉಸಿರು ತಾನಾಗಿ ಕಟ್ಟಿತೆಂಬ ಭಾವವನ್ನು ಅದು ಓದುಗರಲ್ಲಿ ಉಂಟುಮಾಡುತ್ತದೆ.

ಕನ್ನಡದಲ್ಲಿ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವಿದೆ. ಅದನ್ನು ಹಚ್ಚಿ ‘ಉಸಿರುಗಟ್ಟಿಸಿದರು’ ಎಂದು ಬರೆದು ನೋಡಿರಿ. ವಾಕ್ಯವು ಕೂಡಲೇ ಕರ್ತೃಪದವನ್ನು ಬೇಡುತ್ತದೆ. ಇಳಿಯೆಂದು ಹೇಳಿದವರಾರು? ಯಂತ್ರವನ್ನು ತರಿಸದೆ ಹೋದವರಾರು? ಹಗ್ಗವನ್ನೂ ಮುಖವಾಡವನ್ನೂ ಕೊಡದೆ ಮೇಲೆ ನಿಂತು ನೋಡುತ್ತಿದ್ದವರಾರು?