ಗಾಜಿನ ತೊಟ್ಟಿಯಲ್ಲಿ ಯಾವ ನೀರು?

ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಹವಳ ಹೊಸದೇನಲ್ಲ. ಅಜ್ಜಿಯ ತಾಳಿಸರದಲ್ಲಿ ಕರಿಮಣಿಗಳ ನಡುವೆ ಅದು ಕೆಂಪಗೆ ಕೂತಿರುತ್ತದೆ. ಆದರೆ ಈಗಿನ ಮಕ್ಕಳು ಮೊಬೈಲಿನಲ್ಲಿ ಕಂಡಿರುವ ಹವಳವೇ ಬೇರೆ. ನೀಲಿ ಬೆಳಕಿನ ಗಾಜಿನ ತೊಟ್ಟಿ, ಒಳಗೆ ಹಸಿರು, ನೇರಳೆ ಬಣ್ಣದಲ್ಲಿ ತೂಗುವ ಹವಳಗಳು, ನಡುವೆ ನುಸುಳುವ ಕಿತ್ತಳೆ ಮೀನು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅಂಥದೊಂದು ಕೊಡಿಸಬೇಕೆಂದು ಕರಾರು ಹಾಕುವ ಮಕ್ಕಳಿದ್ದಾರೆ. ‘ಆಗಲಿ ಬಿಡು’ ಎಂದು ಮಾತು ಕೊಟ್ಟುಬಿಟ್ಟ ತಂದೆಯರೂ ಇದ್ದಾರೆ. ಹಣ ಎಣಿಸುವ ಮೊದಲು ತಿಳಿಯಬೇಕಾದ ಸಂಗತಿಗಳು ಕೆಲವಿವೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಪಠ್ಯಪುಸ್ತಕದ ಹೈಡ್ರಾದ ಹತ್ತಿರದ ಬಂಧು. ಪಾಲಿಪ್ ಎಂಬ ಸಾವಿರಾರು ಸಣ್ಣ ಜೀವಿಗಳು ಒತ್ತೊತ್ತಾಗಿ ಕೂತು, ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಹೀರಿ, ಅಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತವೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳ ವಾಸ. ಪಾಚಿ ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಪಾಲು ಕೊಡುತ್ತದೆ; ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ನೀರು ಅತಿಯಾಗಿ ಬಿಸಿಯಾದರೆ ಈ ಕೂಡುಬಾಳ್ವೆ ಮುರಿದು, ಪಾಚಿ ಹೊರಬಿದ್ದು, ಹವಳ ಬೆಳ್ಳಗಾಗುತ್ತದೆ. ಸಾಗರಗಳಲ್ಲಿ 1998ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಆದದ್ದು ಇದೇ. ಅಜ್ಜಿಯ ಸರದ ಕೆಂಪು ಹವಳ, ಅಸಲಿಯಾಗಿದ್ದರೆ, ಬೇರೆ ಕುಲದ್ದು. ಅದರ ಮೈಯಲ್ಲಿ ಪಾಚಿಯಿಲ್ಲ, ಅದಕ್ಕೆ ಕತ್ತಲೆಯೇ ಇಷ್ಟ.

ಹವಳದ ತೊಟ್ಟಿ ಇಡುವವರು ಮೊದಲು ಸಮುದ್ರದ ಯಾವ ಜಾಗದ ನೋಟ ಬೇಕೆಂದು ನಿರ್ಧರಿಸುತ್ತಾರೆ. ಅಲೆ ಬಡಿಯುವ ದಿಬ್ಬದ ನೆತ್ತಿಯೆಂದರೆ ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೋಪೊರಾ. ಅದಕ್ಕೆ ಪ್ರಖರ ಬೆಳಕು, ಜೋರು ಹರಿವು, ತೀರ ಶುದ್ಧ ನೀರು ಬೇಕು. ದಿಬ್ಬದ ಮರೆಯ ಶಾಂತ ನೀರಿನ ನೋಟವೆಂದರೆ ತೊಗಲಿನಂಥ ಮೃದು ಹವಳ, ಅಣಬೆಯಂಥ ಹವಳ. ಮಧ್ಯಮ ಬೆಳಕು ಸಾಕು, ನೀರಿನ ಸಣ್ಣಪುಟ್ಟ ಏರುಪೇರನ್ನೂ ತಾಳಿಕೊಳ್ಳುತ್ತವೆ. ಎರಡೂ ಇರಲೆಂದು ಆಸೆಪಟ್ಟರೆ ಜಗಳ ಶುರು. ಮೃದು ಹವಳ ನೀರಿಗೆ ವಿಷ ಬಿಟ್ಟು ಪಕ್ಕದ ಹವಳವನ್ನು ಸೊರಗಿಸುತ್ತದೆ. ದೊಡ್ಡ ಪಾಲಿಪ್ಪಿನ ಕೆಲವು ಹವಳಗಳು ರಾತ್ರಿ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ನೆರೆಯವರನ್ನು ಸುಡುತ್ತವೆ. ಆದ್ದರಿಂದ ಜೊತೆಗಾರರ ಆಯ್ಕೆಯಲ್ಲಿ ಬಣ್ಣ ಕೊನೆಯ ಮಾತು. ಒಂದೇ ಬೆಳಕಿನಲ್ಲಿ, ಒಂದೇ ಹರಿವಿನಲ್ಲಿ, ಒಂದೇ ನೀರಿನಲ್ಲಿ ಯಾರು ಬಾಳಬಲ್ಲರು ಎಂಬುದೇ ಮೊದಲ ಪ್ರಶ್ನೆ.

ಈ ಪ್ರಶ್ನೆಯನ್ನು ಯಾದಗಿರಿಯ ಮನೆಗೇ ಹಾಕಿ ನೋಡೋಣ. ‘ಹೇಗೂ ಬೋರಿನ ನೀರು ಸವಳು, ಸಮುದ್ರದ ಮೀನಿಗೆ ಅದೇ ಸಾಕಲ್ಲ’ ಎಂದು ಚೇಷ್ಟೆ ಮಾಡುವವರಿದ್ದಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಕಟ್ಟಕಡೆಯ ಮಿತಿ ಲೀಟರಿಗೆ 2 ಗ್ರಾಂ ಕರಗಿದ ಲವಣ. ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ! ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಅಂದರೆ ಎರಡು ಕಿಲೋ ಲವಣ. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ವಿಶೇಷ ಮಿಶ್ರಣವೇ ಬೇಕು. ಮೇ ತಿಂಗಳ ಬಿಸಿಲಿಗೆ ಹತ್ತನೆಯ ಒಂದು ಪಾಲು ನೀರು ಆವಿಯಾಯಿತೆನ್ನಿ. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ 35 ಇದ್ದದ್ದು ಸುಮಾರು 39ಕ್ಕೆ ಏರುತ್ತದೆ. ಅದನ್ನು ಸರಿದೂಗಿಸಲು ಸವಳು ನೀರು ಸುರಿದರೆ ಇನ್ನಷ್ಟು ಲವಣ ಸೇರುತ್ತದೆ. ಇನ್ನು ಬಿಸಿ. ಹವಳಕ್ಕೆ ಹಿತವಾದದ್ದು 24ರಿಂದ 28 ಡಿಗ್ರಿ. ಹೊರಗೆ 42 ಡಿಗ್ರಿ ಇರುವಾಗ ನೀರು ತಣಿಸುವ ಯಂತ್ರ ಹಗಲೂ ರಾತ್ರಿಯೂ ಓಡಬೇಕು. ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು, ತಿಂಗಳುಗಟ್ಟಲೆಯ ಶ್ರಮ ಬೆಳ್ಳಗಾಗಲು.

ಇದೆಲ್ಲ ದುಡ್ಡಿರುವವರು ಹೇಗೋ ನಿಭಾಯಿಸಬಹುದಾದ ತೊಂದರೆ ಎನ್ನೋಣ. ದುಡ್ಡಿಗೆ ಬಗ್ಗದ ತೊಡಕೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಹುಲಿ ಇರುವ ಅದೇ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನೂ ಸೇರಿಸಲಾಗಿದೆ. ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಕನಿಷ್ಠ ಮೂರು ವರ್ಷ ಜೈಲು. ‘ಇದು ಫಾರಿನ್ನಿನದು’ ಎಂದು ಅಂಗಡಿಯವನು ಹೇಳಬಹುದು. ಗಟ್ಟಿ ಹವಳಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲೂ ಇವೆ. ಪರವಾನಗಿಯ ಕಾಗದ ತೋರಿಸೆಂದು ಪಾಲಕರು ಕೇಳಬೇಕು. ‘ಇದು ಮೃದು ಹವಳ, ಪಟ್ಟಿಯಲ್ಲಿಲ್ಲ’ ಎಂಬ ಮಾತೂ ಬರಬಹುದು. ಅದು ಅಂಟಿಕೊಂಡಿರುವ ಕಲ್ಲನ್ನು ನೋಡಿ. ಬಹಳ ಸಲ ಅದೇ ಗಟ್ಟಿ ಹವಳದ ಎಲುಬು. ಜೀವಂತ ಹವಳ ನೋಡಲೇಬೇಕೆನ್ನುವವರಿಗೆ ಮುರ್ಡೇಶ್ವರದ ಆಚೆ, ಅರಬ್ಬೀ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ರಜೆಯಲ್ಲಿ ಹೋಗಿ ನೋಡಿ ಬರಬಹುದು.

ಹಾಗಾದರೆ ಕೊಟ್ಟ ಮಾತು? ತೊಟ್ಟಿ ಬರಲಿ, ಸಮುದ್ರದ ಬದಲು ಭೀಮಾ ನದಿಯ ನೋಟವಿರಲಿ. ಮೈಮೇಲೆ ಕರಿಗೆರೆ ಎಳೆದಂತಿರುವ ರಾಸ್ಬೋರಾ, ಎರಡು ಕಪ್ಪು ಚುಕ್ಕೆಯ ಟಿಕ್ಟೊ, ಎಲುಬು ಎಣಿಸಬಹುದಾದಷ್ಟು ಪಾರದರ್ಶಕವಾದ ಗಾಜುಮೀನು, ಮೂರೂ ಕೃಷ್ಣಾ ಕಣಿವೆಯವೇ. 56 ಲೀಟರಿಗೆ ಮೊದಲೆರಡು ಬಗೆಯವು ಐದೈದು, ಗಾಜುಮೀನು ಎರಡು ಮೂರು; ಹೆಚ್ಚು ಬೇಡ. ಮರಲ್ ಮೀನಿನ ಮರಿ ಮುದ್ದಾಗಿ ಕಂಡರೂ ತರಬಾರದು. ಬೆಳೆದಂತೆ ಅದು ಜೊತೆಗಾರರನ್ನೆಲ್ಲ ನುಂಗುತ್ತದೆ. ಅಂಗಡಿಯಲ್ಲಿ ಗುಲಾಬಿ, ಹಳದಿ ಬಣ್ಣದ ಗಾಜುಮೀನು ಸಿಕ್ಕರೆ ಅದನ್ನೂ ಕೊಳ್ಳಬೇಡಿ. ಆ ಬಣ್ಣ ಸೂಜಿಯಿಂದ ಚುಚ್ಚಿ ತುಂಬಿದ್ದು. ಮೀನು ಹಿಡಿಯಲು ಮಕ್ಕಳು ಮಾತ್ರ ನದಿಗೋ ಕಾಲುವೆಗೋ ಹೋಗುವುದು ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಕಾಲುವೆಯಲ್ಲಿ ಜಾರಿದವರಿಗೆ ಹಿಡಿಯಲು ಆಸರೆಯಿರುವುದಿಲ್ಲ. ದೊಡ್ಡವರು ಜೊತೆಗೆ ಹೋಗಿ ಬಲೆ ಹಾಕುವವರಲ್ಲಿ ಕೇಳಿದರೆ ಸಾಕು.

ಅಲಂಕಾರದ ಕಲ್ಲಿನ ಆಯ್ಕೆಯಲ್ಲೂ ಒಂದು ಪಾಠವಿದೆ. ಸುರಪುರ, ಯಾದಗಿರಿ ಗುಡ್ಡಗಳ ಗ್ರಾನೈಟ್ ಚೂರಿನ ಮೇಲೆ ನಿಂಬೆರಸ ಹಾಕಿದರೆ ಏನೂ ಆಗುವುದಿಲ್ಲ. ಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲಿನ ಪುಡಿಯ ಮೇಲೆ ಹಾಕಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಅದು ಸುಣ್ಣದ ಕಲ್ಲು, ಹವಳದ ಗೂಡಿನಂತೆಯೇ ಕ್ಯಾಲ್ಸಿಯಂ ಕಾರ್ಬೊನೇಟ್. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿದ್ದ ಸಮುದ್ರದ ತಳದಲ್ಲಿ ಕೂಡಿದ್ದು. ಇಂದಿನ ಹವಳಗಳ ವಂಶ ಆಗ ಹುಟ್ಟಿಯೇ ಇರಲಿಲ್ಲ. ಈ ಕಲ್ಲು ತೊಟ್ಟಿಯ ನೀರಿನ ಗಡಸುತನವನ್ನು ಏರಿಸುವುದರಿಂದ, ಬೋರಿನ ನೀರು ಮೊದಲೇ ಗಡಸಾಗಿರುವ ಮನೆಯಲ್ಲಿ ಗ್ರಾನೈಟೇ ಒಳ್ಳೆಯದು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿಡಿ.

ಬುಡದಲ್ಲಿ ತೊಳೆದ ಮರಳು ಹಾಕಿ, ಹೈಡ್ರಿಲಾ ನೆಟ್ಟು, ಮೊದಲು ಮೂರು ನಾಲ್ಕು ಮೀನು ಬಿಟ್ಟು ಒಂದು ತಿಂಗಳು ಕಾಯಬೇಕು. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಅಷ್ಟರಲ್ಲಿ ಕಿಟಕಿಯ ಬೆಳಕು ಬಿದ್ದ ಬೆಳಿಗ್ಗೆ ಹೈಡ್ರಿಲಾದ ಎಲೆಯಿಂದ ಸಾಲಾಗಿ ಮೇಲೇಳುವ ಗುಳ್ಳೆಗಳನ್ನು ಎಣಿಸಿ ಬರೆದಿಡಬಹುದು. ತೊಟ್ಟಿಗೆ ಪರದೆ ಮುಚ್ಚಿ ಇನ್ನೊಮ್ಮೆ ಎಣಿಸಿ. ಲೆಕ್ಕ ಎಷ್ಟು ಇಳಿಯಿತೆಂದು ನೋಡಿ. ಹವಳದ ಮೈಯೊಳಗಿನ ಪಾಚಿ ಸಮುದ್ರದಲ್ಲಿ ಮಾಡುವ ಕೆಲಸವೂ ಇದೇ.